ಹಿಡಿಗೆ ಬಿಗಿದ ಹಗ್ಗ

“ಈ ಹಗ್ಗ ಯಾರು ಕಟ್ಟಿದ್ದು?” ಮೇಸ್ತ್ರಿ ಹುಲ್ಲು ಕತ್ತರಿಸುವ ಯಂತ್ರದ ಹಿಡಿಯನ್ನು ತೋರಿಸಿ ಕೇಳಿದರು. ಹಿಡಿಯ ಸರಳನ್ನು ಬಿಟ್ಟೊಡನೆ ಯಂತ್ರ ನಿಲ್ಲಬೇಕು; ಕೈನೋವಿಗೆ ಹೆದರಿ ಯಾರೋ ಸರಳನ್ನೇ ಹಿಡಿಗೆ ಬಿಗಿದಿದ್ದರು. ಅಲ್ಲಿ ಮಾಲಿಗಳಾಗಿದ್ದ ಅಣ್ಣತಮ್ಮಂದಿರಲ್ಲಿ ಕಿರಿಯವನು ಮೊನ್ನೆ ಸಿಕ್ಕಿಕೊಂಡ ಹುಲ್ಲು ತೆಗೆಯಲು ಬಗ್ಗಿದಾಗ ಅಲಗು ಇನ್ನೂ ಸುತ್ತುತ್ತಿತ್ತು. ಎರಡು ಬೆರಳು ಹೋಗಿದ್ದವು.

“ಇವನೇ ಕಟ್ಟಿರ್ತಾನೆ ಸಾರ್. ಮೊದಲಿಂದ್ಲೂ ಮೈಗಳ್ಳ,” ಎಂದ ಅಣ್ಣ, ಅದೇ ಯಂತ್ರ ನಡೆಸುವ ಹಿರಿಯ ಮಾಲಿ.

ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ತಮ್ಮ ನಿಂತಿದ್ದ. ತಪ್ಪು ತನ್ನದೆಂದಾದರೆ ಬೆರಳಿನ ಹಿಂದೆ ಕೆಲಸವೂ ಹೋದಂತೆಯೇ. ಆದರೂ ಅಣ್ಣನ ಮೇಲೆ ಅನುಮಾನಪಡಲು ಮನಸ್ಸು ಒಪ್ಪಿರಲಿಲ್ಲ.

ಮೇಸ್ತ್ರಿ ಗಂಟಿನೊಡನೆ ಗುದ್ದಾಡಿದರು, ಅದು ಜಗ್ಗಲಿಲ್ಲ. “ಹಾಗಲ್ಲ ಸಾರ್, ಇತ್ಲಾಗೆ ಬಿಡಿ,” ಎಂದು ಅಣ್ಣ ಮುಂದೆ ಬಂದು, ಒಳಗೆ ಮಡಿಚಿಟ್ಟಿದ್ದ ತುದಿಯನ್ನು ನೋಡದೆಯೇ ಹಿಡಿದೆಳೆದ. ಸಾಕಿದ ನಾಯಿಯಂತೆ ಗಂಟು ಅವನ ಕೈಗೆ ಬಂತು.