ಮತ್ತೆ ಬಂದ ಮಾತು

ತವರಿನಲ್ಲಿ ತಾಯಿ ಸತ್ತಾಗ ತನ್ನನ್ನು ಮಣ್ಣಿಗೆ ಕಳಿಸಲಿಲ್ಲವೆಂದು ನೀಲಾಂಬಿಕೆ ಗಂಡ ಬಸವಣ್ಯಪ್ಪನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವಳಿಗೆ ಮರೆವಿನ ಕಾಯಿಲೆ ಅಲ್ಝೈಮರ್ಸ್ ಶುರುವಾಗಿದೆಯೆಂದು ಡಾಕ್ಟರು ಹೇಳಿದ ಮರುದಿನ, "ಚಹಾ ಕುಡೀತೀರಾ?" ಎಂದು ಕೇಳಿದಳು. ಪಾಪ, ಜಗಳ ಮರೆತಿದ್ದಾಳೆ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ.

ಕಾಯಿಲೆ ನಿಧಾನಗೊಳಿಸುವ ಆಂಟಿಬಾಡಿ ಔಷಧದ ಡ್ರಿಪ್ ಕೊಡಿಸುವ ಮಾತು ಬಂದಾಗ ಅವನಿಗೆ ಅಳುಕಾಯಿತು.

"ಹೋದ ನೆನಪು ಮತ್ತೆ ಬರುತ್ತಾ, ಡಾಕ್ಟ್ರೇ?"

"ಇಲ್ಲ. ಇರೋದು ಬೇಗ ಹೋಗದ ಹಾಗೆ ನೋಡ್ಕೋಬಹುದು, ಅಷ್ಟೇ."

ಅವನು ನಿರಾಳವಾಗಿ ಒಪ್ಪಿದ.

ಮೊದಲ ಡ್ರಿಪ್ ಮುಗಿಸಿ ಆಟೋದಲ್ಲಿ ಬರುವಾಗ ಮೆಲ್ಲಗೆ ಕೇಳಿದ, "ಹಳೇ ಜಗಳ ಏನಾದ್ರೂ ನೆನಪಿದೆಯಾ, ನೀಲಾ?"

"ಎಲ್ಲಾ ಇದೆ. ಪೂರ್ತಿ ಮರೆಯೋ ಮುಂಚೆ ನಿಮ್ಮ ಜೊತೆ ನಾಲ್ಕು ಮಾತಾಡೋಣ ಅಂತಿದ್ದೆ. ಈಗ ಔಷಧ ಸಿಕ್ತಲ್ಲ, ಅವಸರವಿಲ್ಲ," ಎಂದವಳು ಮತ್ತೆ ಬಾಯಿ ಬಿಡಲಿಲ್ಲ.