ಕೇಬಲ್ಲಿನೊಳಗಿನ ಸೂಜಿ

ಇದು ಗಿಳಿಗಳ ಕೆಲಸವಲ್ಲ. ಬೆಳಗಿನಿಂದ ಡಲ್ಸಿಯ ಮನೆಯಂಗಳದ ರೇಡಿಯೊ ಟವರಿನ ತುದಿಯಲ್ಲಿ ಹುಡುಕುತ್ತಿದ್ದ ದೋಷ ಕೊನೆಗೆ ಬುಡದಲ್ಲಿ, ಎದೆಯೆತ್ತರದಲ್ಲೇ ಸಿಕ್ಕಾಗ ಕೋಲಿನ್ ಹಲ್ಲು ಕಚ್ಚಿದ. ವಾಲರೂ ಊರಿನಲ್ಲಿ ಆಂಟೆನಾ ಕೆಟ್ಟರೆ ಮೊದಲ ಅನುಮಾನ ಗುಲಾಬಿ ಎದೆಯ ಗಾಲಾ ಗಿಳಿಗಳ ಮೇಲೆಯೇ. ಕೇಬಲ್ ಎಂದರೆ ಅವಕ್ಕೆ ಕಬ್ಬು. ಆದರೆ ಗಿಳಿಗಳಿಗೆ ಗುಂಡುಸೂಜಿ ಚುಚ್ಚಲು ಬರುವುದಿಲ್ಲ.

ಆಂಟೆನಾದಿಂದ ಇಳಿದುಬರುವ ಕೇಬಲ್ಲಿಗೆ ಯಾರೋ ಸೂಜಿ ತೂರಿಸಿದ್ದರು. ಸೂಜಿಯ ಮೂಲಕ ಹೊರಗಿನ ತಂತಿಬಲೆ ಒಳಗಿನ ತಂತಿಗೆ ತಾಗಿ, ರೇಡಿಯೊ ಕಿವುಡೂ ಆಗಿತ್ತು, ಮೂಕವೂ ಆಗಿತ್ತು. ಕಣ್ಣಿಗೆ ಬೀಳದಿರಲೆಂದು ಸೂಜಿಯ ತಲೆಯನ್ನು ಇಕ್ಕಳದಿಂದ ಕತ್ತರಿಸಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಅದೂ ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ, ಒಂದು ಹನಿ ಮಳೆನೀರೂ ಒಳಗಿಳಿಯದ ಹಾಗೆ. ಹಾಳುಮಾಡಲು ಬಂದವನಿಗೆ ಇಷ್ಟೊಂದು ಮುತುವರ್ಜಿ ಯಾಕೆ ಎಂದು ಕೋಲಿನ್‌ಗೆ ಒಂದು ಕ್ಷಣ ಅನ್ನಿಸಿತು. ಸಿಟ್ಟಿನಲ್ಲಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟ. ಸೂಜಿ ಕಿತ್ತು, ತೂತಿಗೆ ಹೊಸ ಟೇಪ್ ಸುತ್ತಿದ.

ಡಲ್ಸಿ ಊರಿನ ರೇಡಿಯೊ ಕ್ಲಬ್ಬಿನ ಹಿರಿಯಳು. ಬೆಸುಗೆ ಹಾಕುವುದರಿಂದ ಹಿಡಿದು ಮೋರ್ಸ್ ಸಂಕೇತ ಕುಟ್ಟುವವರೆಗೆ ಕೋಲಿನ್‌ಗೆ ಎಲ್ಲವನ್ನೂ ಕಲಿಸಿದವಳು. ಅವಳ ತಮ್ಮ ಆರ್ಚಿ ಸಮುದ್ರದಾಚೆ, ನ್ಯೂಜಿಲೆಂಡಿನ ದಕ್ಷಿಣ ತುದಿಯ ಸ್ಟೀವರ್ಟ್ ದ್ವೀಪದಲ್ಲಿ ಒಂಟಿ. ಗಂಟಲಿನ ಕ್ಯಾನ್ಸರ್ ಅವನ ಧ್ವನಿಯನ್ನೇ ಕಿತ್ತುಕೊಂಡ ಮೇಲೆ ಫೋನಿನಲ್ಲಿ ಮಾತಿಲ್ಲ. ಬೆರಳು ಮಾತ್ರ ಗಟ್ಟಿಯಾಗಿತ್ತು. ದಿನಾ ಸಂಜೆ ಐದಕ್ಕೆ ಅಕ್ಕನನ್ನು ಮೋರ್ಸಿನಲ್ಲಿ ಕರೆಯುತ್ತಿದ್ದ. ಹಳೆಯ ಗಾಳಿಯಂತ್ರದ ಕಂಬಗಳನ್ನು ಹೊತ್ತು ತಂದು ಈ ಟವರ್ ನಿಲ್ಲಿಸಿಕೊಟ್ಟವನೂ ಅವನೇ. ಈಗ ಅವನ ಕಾಯಿಲೆ ಮರುಕಳಿಸಿತ್ತು. ಇಂಥ ಹೊತ್ತಿನಲ್ಲಿ ಸೂಜಿ ಚುಚ್ಚಿದವನಿಗೆ ಕರುಳು ಎನ್ನುವುದು ಇದ್ದೀತೆ?

ಬೆಳಿಗ್ಗೆ ಕೋಲಿನ್ ಸಾಮಾನು ಇಳಿಸುವಾಗಲೇ ಡಲ್ಸಿ ಕೇಳಿದ್ದಳು. “ನಿನ್ನನ್ನ ಯಾರೋ ಕರೆಸಿದ್ದು?”

ಅವಳ ಗಂಡ ನೆವಿಲ್ ಕೈಯಲ್ಲಿದ್ದ ಟೋಪಿ ತಿರುಗಿಸುತ್ತ ನಿಂತಿದ್ದ. ವೈರ್ ಎಂದರೆ ಹಾವು ಕಂಡಂತೆ ದೂರ ಸರಿಯುವ ಗಂಡಸು. “ನಾನೇ ಕಣೇ. ಸಂಜೆಯಾದ್ರೆ ನೀನು ಆ ಕೋಣೇಲಿ ಸುಮ್ನೆ ಕೂತಿರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ರೇಡಿಯೋನೂ ಸತ್ತಿದೆ, ಫೋನೂ ಸತ್ತಿದೆ.”

“ಇವತ್ತು ಗಾಳಿ ಜಾಸ್ತಿ. ಹತ್ತೋದು ಬೇಡ,” ಎಂದಿದ್ದಳು ಡಲ್ಸಿ.

ಗಾಳಿಯೇನೂ ಇರಲಿಲ್ಲ. ತನ್ನ ಮೇಲಿನ ಅಕ್ಕರೆ ಎಂದುಕೊಂಡು ಕೋಲಿನ್ ನಕ್ಕು ಹತ್ತಿದ್ದ.

ಫೋನೂ ಸತ್ತಿದೆ! ಆ ಮಾತು ಈಗ ನೆನಪಾಯಿತು. ಹಾಗಾದರೆ ಅದೂ ಇದೇ ಕೈಯ ಕೆಲಸವೇ. ಪಕ್ಕದ ಮನೆಯ ರಾನ್ ಟ್ರೆಂಗೋವ್ ಈ ಟವರ್ ಕಂಡರೆ ಉರಿದುಬೀಳುವವನು. ತನ್ನ ಟಿವಿಯಲ್ಲಿ ಕ್ರಿಕೆಟ್ ಬದಲು ಬರೀ ಗೆರೆ ಕಾಣುತ್ತವೆಂದು ದೂರು ಕೊಟ್ಟವನು. ಕೋಲಿನ್ ಸೀದಾ ಬೇಲಿಯತ್ತ ನಡೆದ.

“ಆ ವಯಸ್ಸಾದವಳ ಹೊಟ್ಟೆ ಉರಿಸಿ ಏನ್ ಸಿಕ್ತಯ್ಯಾ ನಿಂಗೆ?”

ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿದ್ದ ರಾನ್, ಕೋಲಿನ್‌ನ ಅಂಗೈಯ ಮೇಲಿದ್ದ ಸೂಜಿ ನೋಡಿದ. “ತಲೆ ಕೆಟ್ಟಿದೆಯಾ ನಿಂಗೆ? ನೆವಿಲ್ ನಿಂಗೆ ಫೋನ್ ಮಾಡಿದ್ದೇ ನಮ್ಮನೆಯಿಂದ. ಆ ಟವರ್ ಬೀಳಿಸ್ಬೇಕು ಅನ್ನಿಸಿದ್ರೆ ಹಾಡಹಗಲಲ್ಲೇ ಗರಗಸ ತರ್ತೀನಿ. ಇಂಥಾ ನಾಜೂಕು ಕೆಲಸ ನಂಗೆಲ್ಲಿ ಬರತ್ತೆ? ನಿಮ್ಮವರನ್ನೇ ಕೇಳು, ಹೋಗು!”

ಕೋಲಿನ್ ಸೂಜಿಯನ್ನು ಜೇಬಿಗೆ ಹಾಕಿಕೊಂಡ. ಮುಖ ಸಪ್ಪೆ ಮಾಡಿಕೊಂಡು ವಾಪಸು ಬಂದ. ಇರಲಿ, ಯಾರಾದರೂ ಆಗಿರಲಿ. ಐದು ಗಂಟೆ ಹತ್ತಿರವಾಗಿತ್ತು. ಅಕ್ಕ ತಮ್ಮ ಮಾತಾಡಿದರೆ ಸಾಕು.

“ಸರಿಹೋಯ್ತು ಡಲ್ಸಿ!” ಎಂದು ಬಾಗಿಲಲ್ಲೇ ಕೂಗಿದ. “ಯಾರೋ ಪಾಪಿ ಸೂಜಿ ಚುಚ್ಚಿದ್ದ. ತೆಗೆದುಬಿಟ್ಟೆ.”

ಅವಳ ಮುಖ ಬಿಳಿಚಿತು. ಸಂತೋಷಕ್ಕೂ ಹಾಗಾಗುತ್ತದೆ. ಯಾರಿರಬಹುದು ಎಂದು ಅವಳು ಕೇಳಲೇ ಇಲ್ಲ. “ಮೊದಲು ಈ ಪೇಸ್ಟಿ ಕಡುಬು ತಿನ್ನೋ, ಆರಿಹೋಗತ್ತೆ,” ಎಂದಳು.

“ಪೇಸ್ಟಿ ಎಲ್ಲಿಗೂ ಓಡಿಹೋಗಲ್ಲ. ಆರ್ಚಿ ಕಾಯ್ತಿರ್ತಾನೆ ಬಾ,” ಎಂದು ನೆವಿಲ್ ಅವಳ ಕೈಹಿಡಿದು ರೇಡಿಯೊ ಕೋಣೆಯ ಕುರ್ಚಿಯಲ್ಲಿ ಕೂರಿಸಿದ. ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಕೋಲಿನ್ ಸ್ವಿಚ್ ಒತ್ತಿದ. ಎಷ್ಟೋ ದಿನದ ಮೇಲೆ ರೇಡಿಯೊಗೆ ಜೀವ ಬಂತು. ಆರ್ಚಿಯ ದ್ವೀಪದ ಎದುರು ದಡದವನೊಬ್ಬ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಮೋರ್ಸ್ ಕುಟ್ಟುತ್ತಿದ್ದ. ಆಂಟೆನಾ ಹೊಸದರಂತಿತ್ತು. ಕೋಲಿನ್ ಹೆಮ್ಮೆಯಿಂದ ಆರ್ಚಿ ಸಿಗುವ ತರಂಗಾಂತರಕ್ಕೆ ಗುಂಡಿ ತಿರುಗಿಸಿದ.

ಬರೀ ಸುಯ್ಯೆನ್ನುವ ಸದ್ದು.

ಐದು ದಾಟಿತು. ಡಲ್ಸಿ ಮೋರ್ಸಿನ ಕೀಲಿಯ ಮೇಲೆ ಬೆರಳಿಟ್ಟು ತಮ್ಮನನ್ನು ಒಮ್ಮೆ ಕರೆದಳು. ಕಾದಳು. ಇನ್ನೊಮ್ಮೆ ಕರೆದಳು. ಬೆರಳು ತಪ್ಪಿತು. ಅವಳ ಬೆರಳು ತಪ್ಪಿದ್ದನ್ನು ಕೋಲಿನ್ ಎಂದೂ ಕೇಳಿರಲಿಲ್ಲ.

“ಕೇಬಲ್ ಇನ್ನೂ ಎಲ್ಲೋ ಕೆಟ್ಟಿರ್ಬೇಕು, ಅಲ್ವೇನಯ್ಯಾ?” ನೆವಿಲ್ ಮಗುವಿನಂತೆ ಅವನ ಮುಖ ನೋಡಿದ.

ಕೇಬಲ್ ಚೆನ್ನಾಗಿಯೇ ಇದೆ ಎಂದು ಕೋಲಿನ್‌ಗೆ ಗೊತ್ತಿತ್ತು. ದ್ವೀಪದಲ್ಲಿ ಯಾರಿಗಾದರೂ ಫೋನ್ ಮಾಡಿ ವಿಚಾರಿಸಬೇಕು. ಯಾವ ವೈರ್ ತುಂಡಾಗಿದೆಯೋ ನೋಡೋಣವೆಂದು ಮೂಲೆಯ ಕಪಾಟಿನ ಹಿಂದೆ ಬಗ್ಗಿದ. ಫೋನಿನ ವೈರನ್ನು ಯಾರೂ ಕತ್ತರಿಸಿರಲಿಲ್ಲ. ಗೋಡೆಯಿಂದ ಬಿಚ್ಚಿ, ಚೊಕ್ಕವಾಗಿ ಸುತ್ತಿ, ತುದಿಗೆ ಧೂಳು ತಾಗದಿರಲೆಂದು ಕಪ್ಪು ಟೇಪ್ ಹಾಕಿತ್ತು. ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ. ಹಾಗೆ ಸುತ್ತುವುದನ್ನು ತನಗೆ ಕಲಿಸಿಕೊಟ್ಟವಳತ್ತ ಕೋಲಿನ್ ತಿರುಗಿದ. ಅವಳು ಆಗಲೇ ಅಂಗೈ ಚಾಚಿದ್ದಳು.

“ಆ ಸೂಜಿ ಕೊಡೋ, ಕೋಲಿನ್. ಆರ್ಚಿ ಸುಮ್ಮನಾದ ಮಾರನೇ ದಿನ ನಾನೇ ಚುಚ್ಚಿದ್ದು. ಅದು ಇರೋವರೆಗೂ ಅವನು ಕರೀತಾನೇ ಇದ್ದ, ನಂಗೆ ಕೇಳಿಸ್ತಿರಲಿಲ್ಲ, ಅಷ್ಟೆ.”