ಟೇಪ್ ರೆಕಾರ್ಡರಿನ ತಿರುಪು

“ಯಾವಾಗಿಂದ ಹೀಗೆ?” ಎಂದು ಕಿವಿಯ ಡಾಕ್ಟರು ಕೇಳಿದರು. ಉತ್ತರ ಗುರುಪ್ರಕಾಶನಿಗೆ ಚೆನ್ನಾಗಿ ಗೊತ್ತಿತ್ತು.

“ಈಗೊಂದ್ ನಾಲ್ಕೈದು ದಿನದಿಂದ ಸ್ವಾಮಿ,” ಎಂದರು ಪಕ್ಕದಲ್ಲಿ ಕೂತಿದ್ದ ಅವನ ತಂದೆ ಕರಿಬಸವಯ್ಯ. “ದಿನಾ ಕೇಳೋ ಕ್ಯಾಸೆಟ್ಟೇ ಕಂಬಳಿ ಹೊದ್ಕೊಂಡು ಹಾಡ್ದಂಗೆ ಕೇಳ್ಸುತ್ತೆ.”

ಡಾಕ್ಟರು ಕಿವಿ ಪರೀಕ್ಷಿಸುವ ಕಬ್ಬಿಣದ ಕವೆಯೊಂದನ್ನು ತಟ್ಟಿ ಅವರ ಕಿವಿಯ ಹತ್ತಿರ ಹಿಡಿದರು. ಕರಿಬಸವಯ್ಯ ಮೊದಲು ಮಗನ ಮುಖ ನೋಡಿದರು. ಆಮೇಲೆ, ಕೇಳಿಸುತ್ತೆ, ಆದರೆ ಮಂದ ಎಂದರು. ವಯಸ್ಸಾಯಿತಲ್ಲ ಯಜಮಾನ್ರೇ ಎಂದು ಡಾಕ್ಟರು ಕಿವಿಗೆ ಬಿಡುವ ಹನಿ ಬರೆದುಕೊಟ್ಟರು. ಅಪ್ಪನ ಕೈ ಹಿಡಿದು ಮೆಟ್ಟಿಲಿಳಿಸುವಾಗ ಗುರುಪ್ರಕಾಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಆಗಿದ್ದುದು ಟೇಪ್ ರೆಕಾರ್ಡರಿಗೆ. ಮಾಡಿದವನು ಅವನೇ.

ಇದಕ್ಕೆಲ್ಲ ಮೂಲ ಒಂದು ಕಂಪ್ಯೂಟರು. ೧೯೯೧ರ ಮಾತು. ಗುಬ್ಬಿಯ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಗುರುಪ್ರಕಾಶ, ಮಕ್ಕಳಿಗೆ ಕಂಪ್ಯೂಟರ್ ಕ್ಲಾಸು ಶುರುಮಾಡುವ ಆಸೆಯಿಂದ ಯಾರೋ ಬಳಸಿ ಬಿಟ್ಟ ಹೋಮ್ ಕಂಪ್ಯೂಟರೊಂದನ್ನು ಬೆಂಗಳೂರಿನಿಂದ ಹೊತ್ತು ತಂದಿದ್ದ. ನೋಡಲು ಬರೀ ಕೀಲಿಮಣೆ. ಪರದೆಗೆ ಟಿವಿ ಬೇಕು, ಪ್ರೋಗ್ರಾಂ ತುಂಬಲು ಟೇಪ್ ರೆಕಾರ್ಡರು ಬೇಕು. ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್; ಹಾಕಿದರೆ ಕೀರಲು ಸದ್ದು ಬರುತ್ತದೆ, ಆ ಸದ್ದಿನಿಂದಲೇ ಕಂಪ್ಯೂಟರು ಪ್ರೋಗ್ರಾಂ ಓದಿಕೊಳ್ಳುತ್ತದೆ. ಯಾವ ಟೇಪ್ ರೆಕಾರ್ಡರಾದರೂ ಆಗುತ್ತೆ ಎಂದು ಮಾರಿದವನು ಆಣೆ ಮಾಡಿ ಹೇಳಿದ್ದ. ಹೇಳುವವನಿಗೇನು!

ಸ್ಕೂಲಿನ ಟೇಪ್ ರೆಕಾರ್ಡರಿಗೆ ಸಿಕ್ಕಿಸಿ ಸ್ಕೂಲ್ ಕಮಿಟಿಯವರ ಮುಂದೆ ತೋರಿಸಲು ಹೋದ. ಕ್ಯಾಸೆಟ್ ಕೊನೆಯವರೆಗೂ ಕಿರುಚಿತು. ಟಿವಿಯಲ್ಲಿ ಮೂಡಿದ್ದು ಎರರ್ ಎಂಬ ಒಂದೇ ಪದ. ಕಮಿಟಿ ಅಧ್ಯಕ್ಷ ಗುರುಸಿದ್ದಯ್ಯ ಎಲೆಅಡಿಕೆ ಜಗಿಯುತ್ತ, “ಏನ್ ಮೇಷ್ಟ್ರೇ, ನಿಮ್ ಕಂಪ್ಯೂಟ್ರಿಗೆ ಶೀತ ಆಗೈತಾ?” ಎಂದರು. ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳೂ ನಕ್ಕರು. ಮುಂದಿನ ಭಾನುವಾರ ಇನ್ನೊಂದು ಅವಕಾಶ ಕೊಟ್ಟರು. ಆಗಲೂ ಕೆಟ್ಟರೆ ಕಂಪ್ಯೂಟರ್ ಕ್ಲಾಸಿನ ಆಸೆಗೆ ಎಳ್ಳುನೀರು ಬಿಡಬೇಕು.

ಉಳಿದಿದ್ದು ಉಪ್ಪಾರಹಳ್ಳಿಯ ಮನೆಯಲ್ಲಿದ್ದ ಅಪ್ಪನ ಟೇಪ್ ರೆಕಾರ್ಡರು. ಕರಿಬಸವಯ್ಯ ಮಠದ ಭಜನೆ ಮಂಡಳಿಗೆ ಮುಂದಾಳು. ಬೆಳಿಗ್ಗೆ ಎದ್ದು ಭಜನೆಯ ಕ್ಯಾಸೆಟ್ ಕೇಳದೆ ಅವರು ಕಾಫಿ ಕುಡಿದವರಲ್ಲ. ಅವರು ಮಠಕ್ಕೆ ಹೋದ ಹೊತ್ತು ನೋಡಿ ಗುರುಪ್ರಕಾಶ ಕಂಪ್ಯೂಟರನ್ನು ಅದಕ್ಕೆ ಸಿಕ್ಕಿಸಿದ. ಅಲ್ಲೂ ಎರರ್. ಕ್ಯಾಸೆಟ್ ಓದುವ ಹೆಡ್ಡಿನ ಪಕ್ಕ ಒಂದು ಸಣ್ಣ ತಿರುಪಿತ್ತು. ಸ್ಕ್ರೂಡ್ರೈವರಿನಿಂದ ಅದನ್ನು ಅತ್ತ ಇತ್ತ ತಿರುಗಿಸುತ್ತ ಕೂತ. ಸಾಕಪ್ಪಾ ಸಾಕು ಎನ್ನುವ ಹೊತ್ತಿಗೆ ಟಿವಿಯ ಮೇಲೆ ಸೂರ್ಯನ ಸುತ್ತ ಭೂಮಿ, ಭೂಮಿಯ ಸುತ್ತ ಚಂದ್ರ ಸುತ್ತತೊಡಗಿದವು. ಮರೆತಿದ್ದ ತಾಳ ಒಯ್ಯಲು ಅಪ್ಪ ಅದೇ ಹೊತ್ತಿಗೆ ಒಳಗೆ ಬಂದರು. ಸ್ಕ್ರೂಡ್ರೈವರ್ ಹಿಡಿದೇ ಮಗ ಕುಣಿಯುತ್ತಿದ್ದ.

“ಆಯ್ತೇನೋ?” ಎಂದು ಕೇಳಿ, ಅವರೂ ನಕ್ಕು, ತಾಳ ತೆಗೆದುಕೊಂಡು ಹೊರಟರು.

ಮಾರನೆಯ ಬೆಳಿಗ್ಗೆ ಭಜನೆ ಮಂಕಾಗಿ ಹಾಡಿತು. ಕಂಪ್ಯೂಟರಿನ ಕ್ಯಾಸೆಟ್ಟಿಗೆ ಒಗ್ಗಿದ ತಿರುಪು ಮಿಕ್ಕವಕ್ಕೆ ಒಗ್ಗಲಿಲ್ಲ. ನನಗೂ ಯಾಕೋ ಮಂಕಾಗೇ ಕೇಳಿಸುತ್ತೆ ಮಾವ, ರಿಪೇರಿ ಅಂಗಡಿಗೆ ಕೊಡೋಣ ಎಂದಳು ಸೊಸೆ ಪಲ್ಲವಿ. ಗುರುಪ್ರಕಾಶ ಬೆಚ್ಚಿದ. ತಿರುಪು ಕೂದಲೆಳೆಯಷ್ಟು ಸರಿದರೂ ಭಾನುವಾರ ಮತ್ತೆ ಮಾನ ಹೋದಂತೆ. ಅವನು ಏನಾದರೂ ಹೇಳುವ ಮೊದಲೇ ಅಪ್ಪ ಅಂದರು:

“ಅದು ಚೆನ್ನಾಗೇ ಐತೆ ಕಣಮ್ಮ. ನನ್ ಕಿವಿನೇ ಹೋಗೈತೆ.”

ಭಾನುವಾರ ಕಳೆಯಲಿ, ಸರಿಮಾಡಿದರಾಯಿತು ಎಂದುಕೊಂಡು ಗುರುಪ್ರಕಾಶ ತೆಪ್ಪಗಿದ್ದ. ಆದರೆ ಅಪ್ಪ ಅವತ್ತು ಸಂಜೆ ಮಠದಿಂದ ಬರಿಗೈಲಿ ಬಂದರು. ಶ್ರುತಿ ಕೇಳಿಸದವನು ಮುಂದೆ ಕೂತರೆ ಭಜನೆ ಕೆಡುತ್ತೆ ಎಂದು ತಾಳವನ್ನು ಮಂಡಳಿಯ ಕದರಯ್ಯನ ಕೈಗೆ ಕೊಟ್ಟು ಬಂದಿದ್ದರಂತೆ. ಅವತ್ತು ಮಗನಿಗೆ ಅನ್ನ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಪಲ್ಲವಿಯ ಒತ್ತಾಯಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ ಮೇಲೂ ಬಿಡಲಿಲ್ಲ.

ಭಾನುವಾರ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿಕೊಟ್ಟವರೂ ಅಪ್ಪನೇ. “ಬಸ್ಸಲ್ಲಿ ತೊಡೆ ಮೇಲಿಟ್ಕೋ. ಅಲ್ಲಾಡಿಸ್ಬೇಡ, ಹೆಂಗೈತೋ ಹಂಗೇ ಇರ್ಲಿ.”

ಕಂಪ್ಯೂಟರು ಮೊದಲ ಸಲಕ್ಕೇ ಓದಿತು. ಗುರುಸಿದ್ದಯ್ಯ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ಲಾಸು ಮಂಜೂರಾಯಿತು. ನೋಡಲು ಬಂದಿದ್ದ ಕುಣಿಗಲ್ಲಿನ ಸ್ಕೂಲಿನವರು ಮುಂದಿನ ಭಾನುವಾರ ತಮ್ಮಲ್ಲೂ ತೋರಿಸಿ ಎಂದರು. ಗುರುಪ್ರಕಾಶನಿಗೆ ಮಾತ್ರ ಆ ಚಪ್ಪಾಳೆ ಕದರಯ್ಯನ ತಾಳದಂತೆ ಕೇಳಿಸಿತು.

ಸಂಜೆ ಅಡುಗೆಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಪಿಸುಗುಟ್ಟಿದ. ಅಪ್ಪ ನಡುಮನೆಯಲ್ಲೇ ಇದ್ದರು; ಅವರ ಎದುರು ಪಿಸುಮಾತಾಡಲು ಈಗ ಯಾರೂ ಹೆದರುತ್ತಿರಲಿಲ್ಲ. ಪಲ್ಲವಿ ಸ್ಟೌ ಆರಿಸಿ ಅವನನ್ನು ದಿಟ್ಟಿಸಿ ನೋಡಿದಳು.

“ಈಗ್ಲೇ ಸರಿ ಮಾಡಿ,” ಎಂದಳು.

ಮುಂದಿನ ಭಾನುವಾರ ಕುಣಿಗಲ್ಲಿನ ಸ್ಕೂಲಿನಲ್ಲೂ ತೋರಿಸಬೇಕಲ್ಲ, ಅದೊಂದು ಮುಗಿಯಲಿ ಎಂದು ಅವನು ಮೆಲ್ಲಗೆ ಗೊಣಗಿದ. ಅವಳು ಮತ್ತೊಮ್ಮೆ ಅವನನ್ನು ನೋಡಿ ಎದ್ದು ಹೋದಳು. ಆ ನೋಟ ಬೆಳಗಾದರೂ ಅವನನ್ನು ಬಿಡಲಿಲ್ಲ.

ಅಪ್ಪ ಸ್ನಾನಕ್ಕೆ ಹೋದಾಗ ಭಜನೆಯ ಕ್ಯಾಸೆಟ್ ಹಾಕಿ, ಸದ್ದು ತಗ್ಗಿಸಿ, ಹಾಡು ತಿಳಿಯಾಗುವವರೆಗೂ ತಿರುಪು ತಿರುಗಿಸಿದ. ಕುಣಿಗಲ್ ಹಾಳಾಗಿ ಹೋಗಲಿ. ಅಪ್ಪ ವಿಭೂತಿ ಧರಿಸಿ ಬಂದು ಕೂತರು, ಗುಂಡಿ ಒತ್ತಿದರು. ತಾಳದ ಒಂದೊಂದು ಏಟೂ ಗಂಟೆಯಂತೆ ಕೇಳಿಸಿತು. ಅವರು ಕಣ್ಣು ಮುಚ್ಚಿಕೊಂಡರು.

ಗುರುಪ್ರಕಾಶ ಹತ್ತಿರ ಹೋಗಿ, ಕಿವುಡರಿಗೆ ಹೇಳುವಷ್ಟು ಜೋರಾಗಿ, ಡಾಕ್ಟರು ಕೊಟ್ಟ ಹನಿ ಕೆಲಸ ಮಾಡಿತು ನೋಡಪ್ಪಾ ಎಂದ.

“ಕಿರುಚಬೇಡ ಕಣೋ,” ಎಂದರು ಅಪ್ಪ, ಕಣ್ಣು ಬಿಡದೆ. “ಈಗ್ಲೇ ಯಾಕ್ ತಿರುಗಿಸ್ದೆ? ಕುಣಿಗಲ್ಲಲ್ಲೂ ತೋರಿಸ್ಬೇಕು ಅಂತಿದ್ದೆಯಲ್ಲ.”